ಕೋಲೀನರ್ಜಿಕ್ ವ್ಯವಸ್ಥೆ ಮತ್ತು ನೆನಪು: ಯಾದಗಿರಿ, ಶಹಾಪುರ, ಸುರಪುರದ ನೆಲೆಯಿಂದ

ಅಸಿಟೈಲ್‌ಕೋಲೀನ್ ಎಂಬ ರಾಸಾಯನಿಕದ ಮೂಲಕ ಸುದ್ದಿ ಮುಟ್ಟಿಸುವ ನರಕೋಶಗಳು, ಆ ಸುದ್ದಿಯನ್ನು ಹಿಡಿಯುವ ಗ್ರಾಹಕಗಳು, ಕೆಲಸ ಮುಗಿದ ಕೂಡಲೇ ಅದನ್ನು ಒಡೆದುಹಾಕುವ ಕಿಣ್ವ, ಇವಿಷ್ಟೂ ಸೇರಿ ಕೋಲೀನರ್ಜಿಕ್ ವ್ಯವಸ್ಥೆ. ಮೈಯಲ್ಲಿ ಇದರ ಕೆಲಸ ಹಲವು: ಸ್ನಾಯುಗಳನ್ನು ಕದಲಿಸುವುದು, ಗುಂಡಿಗೆಯ ಬಡಿತ ತಗ್ಗಿಸುವುದು, ಬಾಯಲ್ಲಿ ಜೊಲ್ಲು ಊರಿಸುವುದು, ಕಣ್ಣಪಾಪೆಯನ್ನು ಕಿರಿದಾಗಿಸುವುದು. ಮಿದುಳಿನಲ್ಲಿ ಎಚ್ಚರ, ಗಮನ ಮತ್ತು ಹೊಸದನ್ನು ಮನಸ್ಸಿಗೆ ತೆಗೆದುಕೊಳ್ಳುವ ಶಕ್ತಿ ಬಹುಪಾಲು ಇದನ್ನು ನೆಚ್ಚಿಕೊಂಡಿವೆ.

ಪಠ್ಯಪುಸ್ತಕಗಳಲ್ಲಿ ಈ ವ್ಯವಸ್ಥೆಯ ಮಾತು ಬರುವುದು ಮುಪ್ಪಿನ ಮರೆವಿನ ಕಾಯಿಲೆಯಾದ ಅಲ್ಝೈಮರ್ಸ್ ಜೊತೆಗೆ. ಕೃಷ್ಣಾ ಮತ್ತು ಭೀಮಾ ನದಿಗಳ ನಡುವಿನ ಶಹಾಪುರ, ಸುರಪುರದ ನೀರಾವರಿ ಸೀಮೆಯಲ್ಲಿ ಈ ವ್ಯವಸ್ಥೆ ಕಾಣಿಸಿಕೊಳ್ಳುವ ದಾರಿ ಬೇರೆ. ಹತ್ತಿ ಹೊಲದಿಂದಲೋ ಮೆಣಸಿನಕಾಯಿ ತೋಟದಿಂದಲೋ ಆಸ್ಪತ್ರೆಗೆ ಹೊತ್ತು ತಂದ ವ್ಯಕ್ತಿಯ ಕಣ್ಣಪಾಪೆ ಸೂಜಿಮೊನೆಯಷ್ಟಾಗಿರುತ್ತದೆ, ಬಾಯಲ್ಲಿ ನೊರೆ ಬರುತ್ತಿರುತ್ತದೆ, ಮಾಂಸಖಂಡಗಳು ಅದುರುತ್ತಿರುತ್ತವೆ. ಮರೆವಿನ ರೋಗಿಗೆ ಕೊಡುವ ಮಾತ್ರೆಯೂ ಈ ವ್ಯಕ್ತಿಯ ಮೈಸೇರಿದ ಕೀಟನಾಶಕವೂ ತಡೆಯುವುದು ಒಂದೇ ಕಿಣ್ವವನ್ನು. ಈ ಸಂಗತಿಯನ್ನು ಹಿಡಿದು ನೋಡಿದರೆ ನೆನಪಿನ ರಸಾಯನ ಈ ಭಾಗದ ಓದುಗರಿಗೆ ದೂರದ ವಿಷಯವಾಗಿ ಉಳಿಯುವುದಿಲ್ಲ.

ಶೋಧ

ಲಂಡನ್ನಿನಲ್ಲಿ ಹೆನ್ರಿ ಡೇಲ್ ಅವರು ರೈ ಧಾನ್ಯಕ್ಕೆ ತಗಲುವ ಎರ್ಗಟ್ ಎಂಬ ಬೂಷ್ಟಿನ ಸಾರವನ್ನು ಪರೀಕ್ಷಿಸುತ್ತ ಅಸಿಟೈಲ್‌ಕೋಲೀನಿನ ಪರಿಣಾಮಗಳನ್ನು 1914ರಲ್ಲಿ ವಿವರಿಸಿದರು. ಅದು ನರಗಳ ಸ್ವಂತ ಭಾಷೆ ಎಂದು ತೋರಿಸುವ ಪ್ರಯೋಗ ನಡೆದದ್ದು 1921ರಲ್ಲಿ, ಆಸ್ಟ್ರಿಯಾದ ಗ್ರಾಟ್ಸ್ ನಗರದಲ್ಲಿ. ಒಟ್ಟೊ ಲೋವಿ ಅವರು ಒಂದು ಕಪ್ಪೆಯ ಗುಂಡಿಗೆಯ ವೇಗಸ್ ನರವನ್ನು ಪ್ರಚೋದಿಸಿದರು, ಬಡಿತ ನಿಧಾನವಾಯಿತು. ಆ ಗುಂಡಿಗೆ ಮುಳುಗಿದ್ದ ದ್ರವವನ್ನು ಇನ್ನೊಂದು ಕಪ್ಪೆಯ ಗುಂಡಿಗೆಗೆ ಹಾಕಿದಾಗ, ಯಾವ ನರವನ್ನೂ ಮುಟ್ಟದೆ ಅದರ ಬಡಿತವೂ ನಿಧಾನವಾಯಿತು. ನರದ ತುದಿಯಿಂದ ಏನೋ ಒಸರುತ್ತದೆ ಎಂಬುದಕ್ಕೆ ಇದು ಸಾಕ್ಷಿಯಾಯಿತು. ಈ ಪ್ರಯೋಗದ ವಿಧಾನ ತಮಗೆ ಕನಸಿನಲ್ಲಿ ಹೊಳೆಯಿತು, ಅರೆನಿದ್ದೆಯಲ್ಲಿ ಗೀಚಿಟ್ಟದ್ದನ್ನು ಬೆಳಿಗ್ಗೆ ಓದಲಾಗಲಿಲ್ಲ, ಮರುರಾತ್ರಿ ಅದೇ ಕನಸು ಮತ್ತೆ ಬಿದ್ದಾಗ ನೇರ ಪ್ರಯೋಗಾಲಯಕ್ಕೆ ಹೋದೆ ಎಂದು ಲೋವಿ ಅವರೇ ಹೇಳಿಕೊಂಡಿದ್ದಾರೆ.  ಡೇಲ್ ಮತ್ತು ಲೋವಿ 1936ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ತಯಾರಿ, ಬಿಡುಗಡೆ, ಒಡೆತ

ನರದ ತುದಿಯಲ್ಲಿ ಕೋಲೀನ್ ಮತ್ತು ಅಸಿಟೈಲ್ ಗುಂಪು ಸೇರಿ ಅಸಿಟೈಲ್‌ಕೋಲೀನ್ ಆಗುತ್ತದೆ. ಇವನ್ನು ಬೆಸೆಯುವ ಕಿಣ್ವ ಕೋಲೀನ್ ಅಸಿಟೈಲ್‌ಟ್ರಾನ್ಸ್‌ಫರೇಸ್. ತಯಾರಾದದ್ದು ಸಣ್ಣ ಸಣ್ಣ ಕೋಶಿಕೆಗಳಲ್ಲಿ ತುಂಬಿಕೊಂಡಿದ್ದು, ವಿದ್ಯುತ್ ಸಂಕೇತ ಬಂದಾಗ ಹೊರಚೆಲ್ಲುತ್ತದೆ. ಎದುರಿನ ಕೋಶದ ಗ್ರಾಹಕಕ್ಕೆ ಅಂಟಿ ಅದನ್ನು ಎಬ್ಬಿಸುತ್ತದೆ. ಆಮೇಲೆ ಅಸಿಟೈಲ್‌ಕೋಲೀನ್‌ಎಸ್ಟರೇಸ್ ಎಂಬ ಕಿಣ್ವ ಅದನ್ನು ಒಡೆಯುತ್ತದೆ. ಜೀವಲೋಕದ ಅತಿ ಚುರುಕಿನ ಕಿಣ್ವಗಳಲ್ಲಿ ಇದೂ ಒಂದು. ಇದರ ಒಂದೇ ಅಣು ಸೆಕೆಂಡಿಗೆ ಸಾವಿರಾರು ಅಸಿಟೈಲ್‌ಕೋಲೀನ್ ಅಣುಗಳನ್ನು ಸೀಳಬಲ್ಲದು. ಒಡೆದುಬಂದ ಕೋಲೀನನ್ನು ನರದ ತುದಿ ಮರಳಿ ಎಳೆದುಕೊಂಡು ಮತ್ತೆ ಬಳಸುತ್ತದೆ. ಈ ಒಡೆತ ನಿಂತರೆ ಒಂದು ಸುದ್ದಿಯ ಕೊನೆ ಎಲ್ಲಿ, ಮುಂದಿನದರ ಆರಂಭ ಎಲ್ಲಿ ಎಂಬುದೇ ಎದುರಿನ ಕೋಶಕ್ಕೆ ತಿಳಿಯದು.

ಗ್ರಾಹಕಗಳಲ್ಲಿ ಎರಡು ಮನೆತನ. ತಂಬಾಕಿನ ನಿಕೋಟಿನ್ ಕೂಡ ಅಂಟಬಲ್ಲವು ನಿಕೋಟಿನಿಕ್. ಇವು ಮಿಲಿಸೆಕೆಂಡುಗಳಲ್ಲಿ ತೆರೆದು ಮುಚ್ಚುತ್ತವೆ. ಒಂದು ಬಗೆಯ ಅಣಬೆಯ ಮಸ್ಕರಿನ್ ಎಂಬ ವಿಷ ಅಂಟುವವು ಮಸ್ಕರಿನಿಕ್. ಇವು ನಿಧಾನಿಗಳು, ಎಂ1ರಿಂದ ಎಂ5ರವರೆಗೆ ಐದು ಬಗೆ. ನೆನಪಿನ ಮಟ್ಟಿಗೆ, ಹೊಸ ನೆನಪುಗಳನ್ನು ಕಟ್ಟುವ ಮಿದುಳಿನ ಭಾಗವಾದ ಹಿಪೊಕ್ಯಾಂಪಸ್ಸಿನಲ್ಲೂ ಮಿದುಳಿನ ತೊಗಟೆಯಲ್ಲೂ ದಟ್ಟವಾಗಿರುವ ಎಂ1 ಹೆಚ್ಚು ಮುಖ್ಯ.

ಅಡಿಕೆಯೂ ಇಲ್ಲಿ ನೆನೆಯಬೇಕಾದ್ದು. ಅದರಲ್ಲಿರುವ ಅರೆಕೋಲಿನ್ ಮಸ್ಕರಿನಿಕ್ ಗ್ರಾಹಕಗಳನ್ನು ಎಬ್ಬಿಸುತ್ತದೆ. ಆರೋಗ್ಯವಂತರಿಗೆ ಅಳತೆಯ ಅರೆಕೋಲಿನ್ ಕೊಟ್ಟಾಗ ಪದಗಳ ಪಟ್ಟಿ ಕಲಿಯುವುದು ಸ್ವಲ್ಪ ಸುಧಾರಿಸಿದ್ದನ್ನು 1978ರ ಅಮೆರಿಕದ ಒಂದು ಪ್ರಯೋಗ ತೋರಿಸಿತ್ತು. ಇದನ್ನು ಕೇಳಿ ಯಾರೂ ಗುಟ್ಕಾ ಚೀಟಿ ಹರಿಯಬಾರದು. ಅಡಿಕೆಯೇ ಬಾಯಿ ಕ್ಯಾನ್ಸರ್ ತರುವ ವಸ್ತು. ಪ್ರಯೋಗದಲ್ಲಿ ಕಂಡ ಲಾಭ ಅತ್ಯಲ್ಪ, ಕ್ಷಣಿಕ.

ಮಿದುಳಿನಲ್ಲಿ ಇದರ ನೆಲೆ

ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಇಡೀ ತೊಗಟೆಗೆ ಅಸಿಟೈಲ್‌ಕೋಲೀನ್ ಹಂಚುವ ಮೈನರ್ಟ್ ನ್ಯೂಕ್ಲಿಯಸ್ ಎಂಬ ಗುಂಪಿನಲ್ಲಿ ಇರುವುದು ಒಂದೊಂದು ಬದಿಗೆ ಸುಮಾರು 2 ಲಕ್ಷ ಮಾತ್ರ. ವಿಯೆನ್ನಾದ ಥಿಯೊಡೋರ್ ಮೈನರ್ಟ್ ಅವರ ಹೆಸರು ಹೊತ್ತ ಈ ಗುಂಪು ಮುನ್ಮಿದುಳಿನ ಬುಡದಲ್ಲಿದೆ. ಅದರ ನೆರೆಯಲ್ಲೇ ಇರುವ ಮಧ್ಯ ಸೆಪ್ಟಮ್ ಮತ್ತು ಬ್ರೋಕಾ ಪಟ್ಟಿಯ ಕೋಶಗಳು ಹಿಪೊಕ್ಯಾಂಪಸ್ಸಿಗೆ ಎಳೆ ಚಾಚುತ್ತವೆ. ಮಿದುಳುಕಾಂಡದ ಇನ್ನೆರಡು ಗುಂಪುಗಳು ಥಾಲಮಸ್ಸಿಗೆ ಎಳೆ ಕಳುಹಿಸಿ ಎಚ್ಚರವನ್ನು ಕಾಯುತ್ತವೆ. ಈ ಗುಂಪುಗಳಿಗೆ ಸಿಎಚ್1ರಿಂದ ಸಿಎಚ್6ರವರೆಗೆ ಸಂಖ್ಯೆ ಕೊಟ್ಟು ಜೋಡಿಸಿದವರು ಮಾರ್ಸೆಲ್ ಮೆಸುಲಮ್ ಮತ್ತು ಸಂಗಡಿಗರು, 1983ರಲ್ಲಿ.

ಇಷ್ಟು ಕೆಲವೇ ಕೋಶಗಳು ಇಷ್ಟು ದೊಡ್ಡ ಸೀಮೆಯನ್ನು ತಲುಪಬೇಕಾದರೆ ಒಂದೊಂದೂ ಅಪಾರವಾಗಿ ಕವಲೊಡೆಯಬೇಕು. ಇಲಿಯಲ್ಲಿ ಒಂದೊಂದು ಕೋಶದ ಕವಲುಗಳನ್ನು ಅಳೆದ ಸಂಶೋಧಕರು, ಮನುಷ್ಯನಲ್ಲಿ ಇಂಥ ಒಂದೇ ಕೋಶದ ಎಲ್ಲ ಕವಲುಗಳ ಉದ್ದ ಸೇರಿ 100 ಮೀಟರ್ ದಾಟಬಹುದು ಎಂದು 2014ರಲ್ಲಿ ಅಂದಾಜಿಸಿದರು. ಅಷ್ಟು ಉದ್ದದ ಎಳೆಗೆ ಅನ್ನ ಒದಗಿಸುವ ಹೊರೆಯನ್ನು ಪುಟ್ಟ ಕೋಶಕಾಯ ಹೊರಬೇಕು. ಮುಪ್ಪಿನಲ್ಲಿ ಈ ಕೋಶಗಳೇ ಬೇಗ ಸೋಲುವುದಕ್ಕೆ ಇದೂ ಒಂದು ಕಾರಣ ಎಂಬ ವಾದ ನನಗೆ ಸಮಂಜಸವೆನಿಸುತ್ತದೆ.

ನೆನಪಿನಲ್ಲಿ ಇದರ ಪಾತ್ರ

ಅಸಿಟೈಲ್‌ಕೋಲೀನನ್ನು ನೆನಪಿನ ರಾಸಾಯನಿಕ ಎಂದು ಕರೆಯುವ ರೂಢಿ ಜಾಹೀರಾತುಗಳಲ್ಲಿದೆ. ಅದು ದಾರಿ ತಪ್ಪಿಸುವ ಮಾತು. ನೆನಪು ಈ ರಾಸಾಯನಿಕದಲ್ಲಿ ಕೂಡಿಟ್ಟಿಲ್ಲ. ಅದು ಇರುವುದು ನರಕೋಶಗಳ ನಡುವಿನ ಸಂಪರ್ಕಗಳ ಬಲದಲ್ಲಿ. ನಾರಾಯಣಪುರದ ಎಡದಂಡೆ ಕಾಲುವೆಯ ತೂಬನ್ನು ಕಂಡವರಿಗೆ ಈ ರಾಸಾಯನಿಕದ ಪಾತ್ರ ಬೇಗ ತಿಳಿಯುತ್ತದೆ: ತೂಬು ನೀರಲ್ಲ, ಆದರೆ ಹೊರಗಿನ ನೀರು ಹೊಲಕ್ಕೆ ಬರಬೇಕೋ ಬೇಡವೋ ಎಂಬುದು ಅದರಿಂದ ನಿಶ್ಚಯವಾಗುತ್ತದೆ. ಅಸಿಟೈಲ್‌ಕೋಲೀನ್ ಹೆಚ್ಚಿದಾಗ ಕಣ್ಣು, ಕಿವಿಗಳಿಂದ ಬರುವ ಹೊಸ ಸುದ್ದಿಗೆ ಹಿಪೊಕ್ಯಾಂಪಸ್ ತೆರೆದುಕೊಳ್ಳುತ್ತದೆ, ಒಳಗಿನ ಹಳೆಯ ನೆನಪುಗಳ ಮರುಕಳಿಕೆ ತಗ್ಗುತ್ತದೆ. ಅದು ಇಳಿದಾಗ ಹೊರಗಿನ ಬಾಗಿಲು ಮುಚ್ಚಿ, ಹಿಪೊಕ್ಯಾಂಪಸ್ ತನ್ನಲ್ಲಿದ್ದದ್ದನ್ನು ತೊಗಟೆಗೆ ದಾಟಿಸುತ್ತದೆ. ಮೈಕಲ್ ಹ್ಯಾಸೆಲ್ಮೊ ಅವರು ಮುಂದಿಟ್ಟ ಈ ವಿವರಣೆಗೆ ಇಂದು ವ್ಯಾಪಕ ಮನ್ನಣೆಯಿದೆ.

ಎಚ್ಚರದಲ್ಲಿ ಇದರ ಮಟ್ಟ ಏರಿರುತ್ತದೆ, ಗಾಢನಿದ್ದೆಯಲ್ಲಿ ಇಳಿಯುತ್ತದೆ, ಕನಸಿನ ನಿದ್ದೆಯಲ್ಲಿ ಮತ್ತೆ ಏರುತ್ತದೆ. ಗಾಢನಿದ್ದೆಯ ಇಳಿತ ವ್ಯರ್ಥವಲ್ಲ ಎಂಬುದನ್ನು ಸ್ಟೆಫೆನ್ ಗೈಸ್ ಮತ್ತು ಯಾನ್ ಬೋರ್ನ್ 2004ರಲ್ಲಿ ತೋರಿಸಿದರು. ಪದಜೋಡಿಗಳನ್ನು ಕಲಿತು ಮಲಗಿದವರಿಗೆ ಗಾಢನಿದ್ದೆಯ ಹೊತ್ತಿನಲ್ಲಿ ಅಸಿಟೈಲ್‌ಕೋಲೀನನ್ನು ಏರಿಸುವ ಫೈಸೊಸ್ಟಿಗ್ಮಿನ್ ಕೊಟ್ಟಾಗ, ನಿದ್ದೆಯಿಂದ ಆ ನೆನಪಿಗೆ ಸಿಗಬೇಕಿದ್ದ ಬಲ ಸಿಗಲಿಲ್ಲ. ಕೈಚಳಕದ ಕಲಿಕೆಗೆ ಮಾತ್ರ ಯಾವ ಧಕ್ಕೆಯೂ ಆಗಲಿಲ್ಲ. ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬ ಎಣಿಕೆ ಇಲ್ಲಿ ನಿಲ್ಲುವುದಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿಯಿಡೀ ಎದ್ದು ಓದುವ ವಿದ್ಯಾರ್ಥಿಗಳೂ ಅವರ ಪಾಲಕರೂ ಇದನ್ನು ಗಮನಿಸಬೇಕು.

ಗಮನವನ್ನು ಬಿಟ್ಟು ನೆನಪನ್ನಷ್ಟೇ ಈ ವ್ಯವಸ್ಥೆಗೆ ಅಂಟಿಸಲಾಗದು. ಸಪೊರಿನ್ ಎಂಬ ವಿಷವನ್ನು ಪ್ರತಿಕಾಯಕ್ಕೆ ಜೋಡಿಸಿ, ಇಲಿಗಳ ಮುನ್ಮಿದುಳಿನ ಬುಡದ ಕೋಲೀನರ್ಜಿಕ್ ಕೋಶಗಳನ್ನು ಮಾತ್ರ ಆರಿಸಿ ಕೊಲ್ಲುವ ವಿಧಾನ 1990ರ ದಶಕದಲ್ಲಿ ಬಂತು. ಆಗ ನೆನಪು ಎಣಿಸಿದಷ್ಟು ಹಾಳಾಗಲಿಲ್ಲ, ಗಮನ ಹೆಚ್ಚು ಕುಂದಿತು. ಹಿಂದಿನ ಪ್ರಯೋಗಗಳಲ್ಲಿ ಅಕ್ಕಪಕ್ಕದ ಕೋಶಗಳೂ ಸತ್ತಿದ್ದರಿಂದ ಹಾನಿ ದೊಡ್ಡದಾಗಿ ಕಂಡಿತ್ತು. ಗಮನ ನೆಡದಿದ್ದರೆ ನೆನಪು ಕೂರುವುದಿಲ್ಲ ಎಂಬುದು ಶಾಲೆಯ ಗುರುಗಳೂ ಬಲ್ಲ ಮಾತು. ಅದರ ರಾಸಾಯನಿಕ ಆಧಾರ ಇದು.

ದತ್ತೂರಿ ಮತ್ತು ಮರೆವು

ಹೊಲದ ಬದುವಿನಲ್ಲಿ, ಹಾಳು ಜಾಗದಲ್ಲಿ ಬೆಳೆಯುವ ದತ್ತೂರಿಯ ಬೀಜದಲ್ಲಿ ಅಟ್ರೊಪಿನ್, ಸ್ಕೊಪೊಲಮಿನ್ ಮತ್ತು ಹಯೊಸಯಮಿನ್ ಇವೆ. ಇವು ಮಸ್ಕರಿನಿಕ್ ಗ್ರಾಹಕಗಳ ಮೇಲೆ ಕೂತು ಅಸಿಟೈಲ್‌ಕೋಲೀನಿಗೆ ಜಾಗ ಬಿಡುವುದಿಲ್ಲ. ತಿಂದವರ ಬಾಯಿ ಒಣಗುತ್ತದೆ, ಕಣ್ಣಪಾಪೆ ಹಿಗ್ಗುತ್ತದೆ, ಮೈ ಕಾಯುತ್ತದೆ, ಮೂತ್ರ ಕಟ್ಟುತ್ತದೆ. ಇಲ್ಲದ್ದನ್ನು ಕಾಣುತ್ತ, ಗಾಳಿಯಲ್ಲಿ ಏನನ್ನೋ ಹಿಡಿಯುತ್ತ ಬಡಬಡಿಸುತ್ತಾರೆ. ಚೇತರಿಸಿಕೊಂಡ ಮೇಲೆ ಆ ಹೊತ್ತಿನ ನೆನಪು ಇರುವುದಿಲ್ಲ, ಇದ್ದರೂ ಚೂರುಚೂರು. ಹತ್ತೊಂಬತ್ತನೆಯ ಶತಮಾನದಲ್ಲಿ ದಾರಿಹೋಕರಿಗೆ ದತ್ತೂರಿ ಬೆರೆಸಿದ ತಿನಿಸು ಕೊಟ್ಟು ದೋಚುವ ಕಳ್ಳರಿಗೆ ಈ ಮರೆವೇ ರಕ್ಷಣೆಯಾಗಿತ್ತು. ನಾರ್ಮನ್ ಚೀವರ್ಸ್ ಅವರು ಭಾರತದ ನ್ಯಾಯವೈದ್ಯಕ್ಕೆ ಸಂಬಂಧಿಸಿ 1856ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ದತ್ತೂರಿ ವಿಷದ ವಿವರಗಳಿವೆ. ಸುರಪುರ ಸಂಸ್ಥಾನದ ಆಡಳಿತವನ್ನು ಬಾಲರಾಜನ ಪರವಾಗಿ ನೋಡಿಕೊಂಡ, ಅಲ್ಲಿ ಟೇಲರ್ ಮಂಜಿಲ್ ಕಟ್ಟಿಸಿದ ಮೆಡೋಸ್ ಟೇಲರ್ ಅವರು ಸುರಪುರಕ್ಕೆ ಬರುವ ಮೊದಲು ಬರೆದು 1839ರಲ್ಲಿ ಹೊರತಂದ ಕಾದಂಬರಿಯ ವಸ್ತು ದಾರಿಗಳ್ಳರಾದ ಠಗ್ಗರ ಲೋಕವೇ.

ದತ್ತೂರಿಯ ಈ ಮರೆವು ತರುವ ಗುಣವನ್ನು ಪ್ರಯೋಗಾಲಯಕ್ಕೆ ತಂದವರಲ್ಲಿ ಡೇವಿಡ್ ಡ್ರಾಕ್‌ಮನ್ ಮತ್ತು ಜಾನೆಟ್ ಲೆವಿಟ್ ಪ್ರಮುಖರು. 1974ರಲ್ಲಿ ಆರೋಗ್ಯವಂತ ಯುವಜನರಿಗೆ ಅಳತೆಯ ಸ್ಕೊಪೊಲಮಿನ್ ಕೊಟ್ಟು ನೋಡಿದರು. ಆಗ ತಾನೇ ಹೇಳಿದ ಅಂಕಿಗಳನ್ನು ತಿರುಗಿ ಹೇಳುವುದು ಬಹುಮಟ್ಟಿಗೆ ಉಳಿಯಿತು; ಹೊಸದನ್ನು ಕೂಡಿಟ್ಟುಕೊಳ್ಳುವ ಶಕ್ತಿ ಕುಸಿಯಿತು. ಆ ಕುಸಿತದ ವಿನ್ಯಾಸ ಮುದುಕರ ಮರೆವನ್ನು ಹೋಲುತ್ತಿತ್ತು. ಮರೆವಿನ ಕಾಯಿಲೆಗೆ ಅಸಿಟೈಲ್‌ಕೋಲೀನಿನ ಕೊರತೆ ಕಾರಣವಿರಬಹುದೆಂಬ ಊಹೆಗೆ ಇದು ಗಟ್ಟಿ ಬುನಾದಿಯಾಯಿತು.

ಹೊಲದ ಔಷಧ, ತಡೆದ ಕಿಣ್ವ

ನಾರಾಯಣಪುರದ ಬಸವಸಾಗರ ಜಲಾಶಯದ ನೀರು ಬಂದ ಮೇಲೆ ಶಹಾಪುರ, ಸುರಪುರ, ಹುಣಸಗಿ ಭಾಗದಲ್ಲಿ ಭತ್ತ, ಹತ್ತಿ, ಮೆಣಸಿನಕಾಯಿ ಹಬ್ಬಿದವು. ಯಾದಗಿರಿ, ಗುರುಮಠಕಲ್ ಕಡೆಯ ಒಣಭೂಮಿಯಲ್ಲಿ ತೊಗರಿ, ಹೆಸರು, ಹತ್ತಿ. ಈ ಬೆಳೆಗಳ ಕೀಡೆಗೆ ದಶಕಗಳಿಂದ ಹೊಡೆಯುತ್ತ ಬಂದ ಮೊನೊಕ್ರೊಟೊಫಾಸ್, ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್, ಕ್ವಿನಾಲ್‌ಫಾಸ್, ಅಸಿಫೇಟ್ ಎಲ್ಲವೂ ಆರ್ಗನೋಫಾಸ್ಫೇಟ್ ಗುಂಪಿನವು. ಇವು ಹುಳುವಿನ ಅಸಿಟೈಲ್‌ಕೋಲೀನ್‌ಎಸ್ಟರೇಸನ್ನು ಕಟ್ಟಿಹಾಕಿ ಅದನ್ನು ಕೊಲ್ಲುತ್ತವೆ. ಹುಳುವಿನ ಕಿಣ್ವಕ್ಕೂ ಮನುಷ್ಯನ ಕಿಣ್ವಕ್ಕೂ ಇರುವ ಅಂತರ ಸಣ್ಣದು. ಜರ್ಮನಿಯ ಗೆರ್ಹಾರ್ಡ್ ಶ್ರಾಡರ್ 1936ರಲ್ಲಿ ಕೀಟನಾಶಕ ಹುಡುಕುತ್ತಲೇ ಟಬುನ್ ಎಂಬ ಯುದ್ಧವಿಷವನ್ನು ತಯಾರಿಸಿಬಿಟ್ಟರು ಎಂಬುದನ್ನು ನೆನೆದರೆ, ಬೆನ್ನಿಗೆ ಪಂಪು ಕಟ್ಟಿಕೊಂಡು ಬರಿಗಾಲಲ್ಲಿ ಸಾಲು ಹಿಡಿಯುವವರ ಅಪಾಯ ಎಷ್ಟೆಂದು ತಿಳಿಯುತ್ತದೆ.

ವಿಷ ಏರಿದಾಗ ಅಸಿಟೈಲ್‌ಕೋಲೀನ್ ಎಲ್ಲೆಡೆ ತುಂಬಿ ಹರಿಯುತ್ತದೆ. ಬೆವರು, ಜೊಲ್ಲು, ವಾಂತಿ, ಭೇದಿ, ಕಿರಿದಾದ ಕಣ್ಣಪಾಪೆ, ನಿಧಾನವಾದ ನಾಡಿ, ಎದೆಯಲ್ಲಿ ಗೊರಗೊರ ಸದ್ದು, ಸ್ನಾಯುಗಳ ಅದುರು, ಬಳಿಕ ಸೋಲು. ಮಿದುಳಿನಲ್ಲಿ ಗಾಬರಿ, ಗೊಂದಲ, ಅಪಸ್ಮಾರ, ಪ್ರಜ್ಞಾಹೀನತೆ. ಸಾವು ಬರುವುದು ಹೆಚ್ಚಾಗಿ ಉಸಿರು ನಿಂತು. ಬಟ್ಟೆ ಬಿಚ್ಚಿ ಸೋಪು, ನೀರಿನಿಂದ ಮೈ ತೊಳೆಯಬೇಕು, ತೊಳೆಯುವವರು ಕೈಗೆ ಕವಚ ಹಾಕಿಕೊಳ್ಳಬೇಕು, ವಾಂತಿ ಮಾಡಿಸಲು ಹೋಗಬಾರದು, ಔಷಧದ ಬಾಟಲಿಯನ್ನೋ ಚೀಟಿಯನ್ನೋ ಜೊತೆಗೆ ಒಯ್ಯಬೇಕು. ಆಸ್ಪತ್ರೆಯಲ್ಲಿ ಅಟ್ರೊಪಿನನ್ನು ಎದೆಯ ಕಫ ಒಣಗುವವರೆಗೆ ಏರಿಸುತ್ತ ಕೊಡುತ್ತಾರೆ. ದತ್ತೂರಿಯಲ್ಲಿರುವ ವಸ್ತುವೇ ಇಲ್ಲಿ ಜೀವ ಉಳಿಸುತ್ತದೆ. ಕಿಣ್ವವನ್ನು ಬಿಡಿಸುವ ಪ್ರಾಲಿಡಾಕ್ಸಿಮನ್ನೂ ಕೊಡುವುದುಂಟು, ಆದರೆ ಅದರ ಲಾಭದ ಬಗ್ಗೆ ಪ್ರಯೋಗಗಳು ಒಮ್ಮತಕ್ಕೆ ಬಂದಿಲ್ಲ. ರೋಗಿ ಸುಧಾರಿಸಿದನೆಂದು ಅವಸರದಿಂದ ಮನೆಗೆ ಕರೆದೊಯ್ಯುವುದು ಅಪಾಯ: 24ರಿಂದ 96 ಗಂಟೆಗಳ ನಡುವೆ ಕತ್ತು, ತೋಳು, ಉಸಿರಾಟದ ಸ್ನಾಯುಗಳು ಏಕಾಏಕಿ ಸೋಲಬಹುದು. ಶ್ರೀಲಂಕಾದ ಸೇನಾನಾಯಕೆ ಮತ್ತು ಕರಳ್ಳಿಯದ್ದೆ 1987ರಲ್ಲಿ ಇದನ್ನು ಗುರುತಿಸಿ ವಿವರಿಸಿದರು.

ಈ ರೋಗಿಯ ಮಿದುಳು ಕೆಲವೇ ದಿನಗಳಲ್ಲಿ ಎರಡು ತುದಿಗಳನ್ನು ಮುಟ್ಟಿ ಬರುತ್ತದೆ. ಮೊದಲು ಅಸಿಟೈಲ್‌ಕೋಲೀನಿನ ಪ್ರವಾಹ. ಆಮೇಲೆ ಅಟ್ರೊಪಿನ್ ತುಸು ಹೆಚ್ಚಾದರೂ ಬರ. ಹಾಸಿಗೆಯಲ್ಲಿ ಎದ್ದು ಕೂತು ಬಡಬಡಿಸುವ ಮಗನನ್ನು ಕಂಡು ಹುಚ್ಚು ಹಿಡಿಯಿತೆಂದು ತಾಯಿ ಅಳುತ್ತಾಳೆ. ಅದು ಔಷಧದ ಪರಿಣಾಮ, ಇಳಿದುಹೋಗುತ್ತದೆ ಎಂದು ಆಕೆಗೆ ಆಗಲೇ ಬಿಡಿಸಿ ಹೇಳುವುದು ಚಿಕಿತ್ಸೆಯ ಭಾಗವಾಗಬೇಕು.

ಬದುಕುಳಿದವರ ನೆನಪಿನ ಗತಿ ಏನು ಎಂಬ ಪ್ರಶ್ನೆಗೆ ನಮ್ಮಲ್ಲಿ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಲಿಂಡಾ ರೊಸೆನ್‌ಸ್ಟಾಕ್ ಮತ್ತು ಸಂಗಡಿಗರು ನಿಕರಾಗುವಾದಲ್ಲಿ ಆರ್ಗನೋಫಾಸ್ಫೇಟ್ ವಿಷದಿಂದ ಆಸ್ಪತ್ರೆ ಸೇರಿ ಗುಣವಾಗಿದ್ದ 36 ಕೃಷಿ ಕಾರ್ಮಿಕರನ್ನು ಸುಮಾರು ಎರಡು ವರ್ಷದ ನಂತರ ಪರೀಕ್ಷಿಸಿ 1991ರಲ್ಲಿ ವರದಿ ಮಾಡಿದರು. ವಿಷ ತಗಲದ ಓರಗೆಯವರಿಗಿಂತ ಇವರ ಗಮನ, ದೃಷ್ಟಿಯ ನೆನಪು, ಕೈಚುರುಕು ಕಡಿಮೆಯಿದ್ದವು. ಅಮೆರಿಕದಲ್ಲಿ 1988ರಲ್ಲಿ ಪ್ರಕಟವಾದ ಅಧ್ಯಯನವೂ ಇದೇ ದಿಕ್ಕಿನಲ್ಲಿತ್ತು. ವಿಷವೇರದೆ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪ ತಗಲಿದವರ ವಿಷಯದಲ್ಲಿ ಫಲಿತಾಂಶಗಳು ಪರಸ್ಪರ ಹೊಂದುವುದಿಲ್ಲ. ಆದರೆ ಒಂದನ್ನು ಅಳೆಯಬಹುದು: ರಕ್ತದ ಕೋಲೀನ್‌ಎಸ್ಟರೇಸ್. ಕೆಂಪುಕಣಗಳ ಮೇಲೆ ಮಿದುಳಿನದೇ ಬಗೆಯ ಕಿಣ್ವವಿದೆ. ಪೂರ್ತಿ ಕಟ್ಟಿಹೋದರೆ ಅದು ಮರಳುವುದು ಹೊಸ ಕಣಗಳು ಹುಟ್ಟಿದ ಹಾಗೆ, ದಿನಕ್ಕೆ ಸುಮಾರು ಶೇ. 1ರಂತೆ. ಹಂಗಾಮಿನ ಮೊದಲೊಮ್ಮೆ, ಆಮೇಲೆ ನಡುನಡುವೆ ಈ ಪರೀಕ್ಷೆ ಮಾಡಿ, ಇಳಿದಿದ್ದವರನ್ನು ಸಿಂಪಡಣೆಯಿಂದ ದೂರವಿಡುವ ಪದ್ಧತಿ ಕ್ಯಾಲಿಫೋರ್ನಿಯಾದಲ್ಲಿ ಕಾನೂನೇ ಆಗಿದೆ. ಕೂಲಿಗೆ ಔಷಧ ಹೊಡೆಯುವ ಯಾದಗಿರಿಯ ಯುವಕನ ನರಗಳು ಕ್ಯಾಲಿಫೋರ್ನಿಯಾದ ಕಾರ್ಮಿಕನ ನರಗಳಿಗಿಂತ ಗಟ್ಟಿಯೇನಲ್ಲ.

ಮಹಾರಾಷ್ಟ್ರದ ಯವತಮಾಳದಲ್ಲಿ 2017ರ ಹತ್ತಿ ಹಂಗಾಮಿನಲ್ಲಿ ಸಿಂಪಡಣೆ ಮಾಡುತ್ತಿದ್ದ ಹಲವರು ಸತ್ತು, ನೂರಾರು ಜನ ಆಸ್ಪತ್ರೆ ಸೇರಿದ ಮೇಲೆ ಈ ವಿಷಯ ದೇಶದ ಗಮನಕ್ಕೆ ಬಂತು. ಫೊರೇಟ್, ಡೈಕ್ಲೋರ್‌ವಾಸ್, ಫಾಸ್ಫಮಿಡಾನ್, ಟ್ರೈಯಜೊಫಾಸ್‌ಗಳ ಬಳಕೆ ಭಾರತದಲ್ಲಿ 2020ರ ಡಿಸೆಂಬರ್ 31ರಿಂದ ನಿಷಿದ್ಧ. ಅಪಾಯ ಸಿಂಪಡಣೆಯದಷ್ಟೇ ಅಲ್ಲ, ಇವನ್ನು ಕುಡಿದು ಸಾಯುವವರೂ ಇದ್ದಾರೆ. ಶ್ರೀಲಂಕಾ ಅತಿ ಅಪಾಯಕಾರಿ ಕೀಟನಾಶಕಗಳನ್ನು ಹಂತಹಂತವಾಗಿ ನಿಷೇಧಿಸಿದಾಗ ಎರಡು ದಶಕಗಳಲ್ಲಿ ಅಲ್ಲಿನ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇ. 70ರಷ್ಟು ಇಳಿಯಿತು. ನಿಷೇಧ ಜೀವ ಉಳಿಸುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ. ಮನಸ್ಸು ಕುಸಿದವರಿಗೆ ಕನ್ನಡದಲ್ಲೇ ಮಾತನಾಡುವ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ತೆರೆದಿರುತ್ತದೆ.

ಹಾವಿನ ವಿಷವೂ ಕೋಲೀನರ್ಜಿಕ್ ವ್ಯವಸ್ಥೆಯನ್ನು ತಾಕುತ್ತದೆ, ಆದರೆ ಮಿದುಳಿನ ಹೊರಗೆ. ನಾಗರಹಾವಿನ ವಿಷ ಸ್ನಾಯುಗಳ ನಿಕೋಟಿನಿಕ್ ಗ್ರಾಹಕವನ್ನು ಮುಚ್ಚುತ್ತದೆ. ಕಟ್ಟುಹಾವಿನ ವಿಷ ನರದ ತುದಿಯನ್ನೂ ಹಾಳುಗೆಡವುತ್ತದೆ. ರೆಪ್ಪೆ ಜೋಲುತ್ತದೆ, ಮಾತು ನಿಲ್ಲುತ್ತದೆ, ಉಸಿರು ಸೋಲುತ್ತದೆ. ಈ ವಿಷ ಮಿದುಳಿಗೆ ದಾಟದ ಕಾರಣ ರೋಗಿಗೆ ಸುತ್ತಲಿನ ಮಾತು ಕೇಳುತ್ತಿರಬಹುದು, ನೆನಪಿನಲ್ಲೂ ಉಳಿಯಬಹುದು. ಸತ್ತಂತೆ ಕಾಣುವವರ ಮುಂದೆ ಆಡುವ ಮಾತಿನಲ್ಲಿ ಎಚ್ಚರ ಬೇಕು.

ಅಲ್ಝೈಮರ್ಸ್ ಮತ್ತು ಔಷಧಗಳು

ಅಲ್ಝೈಮರ್ಸ್‌ನಿಂದ ತೀರಿಕೊಂಡವರ ತೊಗಟೆಯಲ್ಲಿ ಕೋಲೀನ್ ಅಸಿಟೈಲ್‌ಟ್ರಾನ್ಸ್‌ಫರೇಸ್ ತೀರ ಇಳಿದಿರುವುದನ್ನು 1976 ಮತ್ತು 1977ರಲ್ಲಿ ಬ್ರಿಟನ್ನಿನ ಮೂರು ತಂಡಗಳು ಬೇರೆ ಬೇರೆಯಾಗಿ ಕಂಡವು. ಮೈನರ್ಟ್ ನ್ಯೂಕ್ಲಿಯಸ್ಸಿನ ಕೋಶಗಳೇ ಸತ್ತಿರುವುದನ್ನು ಪೀಟರ್ ವೈಟ್‌ಹೌಸ್ ಮತ್ತು ಸಂಗಡಿಗರು ತೋರಿಸಿದರು. 1982ರಲ್ಲಿ ರೇಮಂಡ್ ಬಾರ್ಟಸ್ ಮತ್ತು ಸಂಗಡಿಗರು ಇವನ್ನೆಲ್ಲ ಸೇರಿಸಿ ಮುಪ್ಪಿನ ಮರೆವಿನ ಕೋಲೀನರ್ಜಿಕ್ ಸಿದ್ಧಾಂತವನ್ನು ಮಂಡಿಸಿದರು. ಕೋಲೀನ್ ಮತ್ತು ಲೆಸಿಥಿನ್ ತಿನ್ನಿಸಿ ಕೊರತೆ ತುಂಬುವ ಯತ್ನಗಳು ಫಲ ಕೊಡಲಿಲ್ಲ. ಮೊಟ್ಟೆ, ಶೇಂಗಾ, ಸೋಯಾಗಳಲ್ಲಿ ಕೋಲೀನ್ ಇದೆ, ಊಟಕ್ಕೆ ಒಳ್ಳೆಯದೇ. ಆದರೆ ಕೂಡಿಸುವ ಕೋಶಗಳೇ ಇಲ್ಲದಾಗ ಕಚ್ಚಾಮಾಲು ಸುರಿದು ಪ್ರಯೋಜನವಿಲ್ಲ.

ಫಲಿಸಿದ ದಾರಿ ಇನ್ನೊಂದು: ಉಳಿದಿರುವ ಅಸಿಟೈಲ್‌ಕೋಲೀನ್ ಬೇಗ ಒಡೆಯದಂತೆ ಕಿಣ್ವವನ್ನು ಮೃದುವಾಗಿ ತಡೆಯುವುದು. ಅಮೆರಿಕದಲ್ಲಿ 1993ರಲ್ಲಿ ಒಪ್ಪಿಗೆ ಪಡೆದ ಟ್ಯಾಕ್ರಿನ್ ಯಕೃತ್ತಿಗೆ ಹಾನಿ ಮಾಡುತ್ತಿತ್ತು, ಮರೆಯಾಯಿತು. 1996ರಲ್ಲಿ ಡೊನೆಪೆಜಿಲ್, 2000ದಲ್ಲಿ ರಿವಾಸ್ಟಿಗ್ಮಿನ್, 2001ರಲ್ಲಿ ಗ್ಯಾಲಂಟಮಿನ್ ಬಂದವು. ಇವು ಕಾಯಿಲೆಯನ್ನು ನಿಲ್ಲಿಸುವುದಿಲ್ಲ. ಕೆಲವು ತಿಂಗಳ ಮಟ್ಟಿಗೆ ಗಮನ, ನೆನಪು, ದಿನನಿತ್ಯದ ಕೆಲಸ ಸ್ವಲ್ಪ ಹಿಡಿತದಲ್ಲಿ ಉಳಿಯುತ್ತವೆ. ಕೆಲವರಿಗೆ ಅಷ್ಟೂ ಸಿಗದು. ಹೊಟ್ಟೆ ತೊಳಸು, ನಾಡಿ ನಿಧಾನವಾಗುವುದು ಇವುಗಳ ತೊಂದರೆ. ಕೋಲೀನರ್ಜಿಕ್ ಕೋಶಗಳ ನಷ್ಟ ಇನ್ನೂ ಹೆಚ್ಚಿರುವ ಲೂಯಿ ಬಾಡಿ ಡಿಮೆನ್ಶಿಯಾ ಎಂಬ ಇನ್ನೊಂದು ಮರೆವಿನ ಕಾಯಿಲೆಯಲ್ಲಿ ಲಾಭ ಹೆಚ್ಚು ಕಂಡುಬರುತ್ತದೆ. ಎಂ1, ಎಂ4 ಗ್ರಾಹಕಗಳನ್ನು ನೇರವಾಗಿ ಎಬ್ಬಿಸುವ ಝನೊಮೆಲಿನ್ ಮೊದಲು ಅಲ್ಝೈಮರ್ಸ್‌ಗೆ ಪ್ರಯೋಗವಾಗಿತ್ತು. ಹೊಟ್ಟೆಯ ತೊಂದರೆ ತಡೆಯುವ ಟ್ರಾಸ್ಪಿಯಮ್ ಜೊತೆ ಸೇರಿ 2024ರಲ್ಲಿ ಅಮೆರಿಕದಲ್ಲಿ ಸ್ಕಿಝೊಫ್ರೇನಿಯಾಕ್ಕೆ ಒಪ್ಪಿಗೆ ಪಡೆಯಿತು.

ಮಾತ್ರೆ ಕೊಡುವುದಕ್ಕಿಂತ ಮೊದಲು ಇರುವ ಮಾತ್ರೆ ಬಿಡಿಸುವ ಕೆಲಸವೂ ಇದೆ. ನೆಗಡಿಗೆ ಕೊಡುವ ಕ್ಲೋರ್‌ಫೆನಿರಮಿನ್, ನಿದ್ದೆಗೂ ನೋವಿಗೂ ಕೊಡುವ ಅಮಿಟ್ರಿಪ್ಟಿಲಿನ್, ಹೊಟ್ಟೆನೋವಿನ ಡೈಸೈಕ್ಲೊಮಿನ್, ಮಾನಸಿಕ ಚಿಕಿತ್ಸೆಯ ಜೊತೆ ಕೊಡುವ ಟ್ರೈಹೆಕ್ಸಿಫೆನಿಡಿಲ್, ಪದೇಪದೇ ಮೂತ್ರಕ್ಕೆ ಹೋಗುವವರ ಆಕ್ಸಿಬ್ಯುಟಿನಿನ್ ಇವೆಲ್ಲ ಮಸ್ಕರಿನಿಕ್ ಗ್ರಾಹಕಕ್ಕೆ ಅಡ್ಡಬರುತ್ತವೆ. ಎಪ್ಪತ್ತು ದಾಟಿದವರಿಗೆ ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಸೇರಿದರೆ ಒಂದೆರಡು ದಿನದಲ್ಲೇ ಗೊಂದಲ, ಮರೆವು ಹೆಚ್ಚುತ್ತವೆ. ಮನೆಯವರು ಅದನ್ನು ಅರಳುಮರಳು ಎಂದುಕೊಂಡು ಸುಮ್ಮನಾಗುತ್ತಾರೆ. ತಾವಾಗಿ ನಿಲ್ಲಿಸದೆ, ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ ಚೀಲದಲ್ಲಿ ಹಾಕಿಕೊಂಡು ವೈದ್ಯರಿಗೆ ತೋರಿಸಬೇಕು. ಇಂಥ ಮರೆವು ಎಷ್ಟೋ ಸಲ ತಿರುಗಿ ಸರಿಹೋಗುತ್ತದೆ.

ಈ ಸೀಮೆಯಲ್ಲಿ ನೆನಪನ್ನು ಅಳೆಯುವುದು

ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನ ಡಿಮೆನ್ಶಿಯಾದಿಂದ ಬಳಲುತ್ತಿದ್ದಾರೆ ಎಂದು ದೇಶವ್ಯಾಪಿ ಸಮೀಕ್ಷೆಯ ಆಧಾರದ 2023ರ ಅಂದಾಜು ಹೇಳುತ್ತದೆ. ಓದುಬರಹ ಬಾರದವರಲ್ಲಿ ಪ್ರಮಾಣ ಹೆಚ್ಚು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಸುಮಾರು ಶೇ. 52, ರಾಜ್ಯದಲ್ಲೇ ಕಡಿಮೆ. ಹೆಣ್ಣುಮಕ್ಕಳಲ್ಲಿ ಸುಮಾರು ಶೇ. 41. ಇಂಥಲ್ಲಿ ಓದು, ಬರಹ, ಚಿತ್ರ ಎಳೆಯುವುದನ್ನು ಕೇಳುವ ಪಾಶ್ಚಾತ್ಯ ಪರೀಕ್ಷೆಗಳು ಶಾಲೆಗೆ ಹೋಗದ್ದನ್ನೇ ಮರೆವೆಂದು ಎಣಿಸುತ್ತವೆ. ಇಂದಿನ ತಾರೀಖು ಯಾವುದು ಎಂದು ಕೇಳಿದರೆ ಸುಮ್ಮನಾಗುವ ಅಜ್ಜಿ, ಅಮಾವಾಸ್ಯೆ ಹೋಗಿ ಎಷ್ಟು ದಿನವಾಯಿತು, ಈಗ ಯಾವ ಮಳೆ ನಡೆದಿದೆ ಎಂದರೆ ತಡವರಿಸದೆ ಹೇಳಬಹುದು. ಸಂತೆಯ ಲೆಕ್ಕ ತಪ್ಪುತ್ತಿದೆಯೇ, ಬಲ್ಲ ದಾರಿಯಲ್ಲಿ ಕಳೆದುಹೋಗುತ್ತಿದ್ದಾರೆಯೇ, ಒಲೆಯ ಮೇಲಿಟ್ಟದ್ದನ್ನು ಮರೆಯುತ್ತಿದ್ದಾರೆಯೇ ಎಂದು ಮನೆಯವರನ್ನು ಕೇಳುವುದು ಹೆಚ್ಚು ಫಲಕಾರಿ.

ಹರಿಯಾಣದ ಬಲ್ಲಭಗಢದಲ್ಲಿ ಅನಕ್ಷರಸ್ಥರಿಗೆಂದೇ 1990ರ ದಶಕದಲ್ಲಿ ಹಿಂದಿಯ ಪರೀಕ್ಷೆ ರೂಪುಗೊಂಡಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸಿದ್ಧಪಡಿಸಿದ ಪರೀಕ್ಷಾ ಗುಚ್ಛ ಕನ್ನಡದಲ್ಲೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ದಾಟಿದ 10,000 ಹಳ್ಳಿಗರನ್ನು ದೀರ್ಘಕಾಲ ಹಿಂಬಾಲಿಸುವ ಗುರಿಯಿಟ್ಟು ಅಧ್ಯಯನ ನಡೆಸುತ್ತಿದೆ. ಕಲ್ಯಾಣ ಕರ್ನಾಟಕದಲ್ಲೂ ಇಂಥದೊಂದು ಬೇಕು: ಯಾದಗಿರಿಯಲ್ಲಿ ಈಗ ವೈದ್ಯಕೀಯ ಕಾಲೇಜಿದೆ, ಕೀಟನಾಶಕ ತಗಲಿದವರೂ ಮುಪ್ಪಿನ ಮರೆವಿನವರೂ ಒಂದೇ ಹಳ್ಳಿಯಲ್ಲಿ ಸಿಗುತ್ತಾರೆ.

ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ ನಿಜಾಮ್ಸ್ ವೈದ್ಯಕೀಯ ಸಂಸ್ಥೆಯಲ್ಲಿ 648 ಡಿಮೆನ್ಶಿಯಾ ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿಗೆ ತೀರ ಹತ್ತಿರದ್ದು. ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಮರೆವಿನ ಲಕ್ಷಣಗಳು ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಂಡಿದ್ದವು. ಓದುಬರಹ ಬಾರದವರಲ್ಲೂ ಈ ಅಂತರವಿತ್ತು, ಆದ್ದರಿಂದ ಇದು ಶಾಲೆಯ ಫಲ ಎನ್ನುವಂತಿಲ್ಲ. ಎಲ್ಲ ಅಧ್ಯಯನಗಳೂ ಇದನ್ನು ಎತ್ತಿಹಿಡಿದಿಲ್ಲ. ಬಹುಭಾಷೆ ಕೋಲೀನರ್ಜಿಕ್ ಕೋಶಗಳ ಸಾವನ್ನು ತಡೆಯುತ್ತದೆ ಎಂದೂ ಇದರ ಅರ್ಥವಲ್ಲ. ಭಾಷೆಯಿಂದ ಭಾಷೆಗೆ ದಾಟುವಾಗ ಪಳಗುವ ಗಮನಶಕ್ತಿ, ನಷ್ಟವಾದಷ್ಟನ್ನು ಕೆಲಕಾಲ ತುಂಬಿಕೊಡುತ್ತದೆ ಎಂಬುದು ಸಂಶೋಧಕರ ವಿವರಣೆ. ಹಳೆಯ ಹೈದರಾಬಾದ್ ರಾಜ್ಯದ ಭಾಗವಾಗಿದ್ದ ಯಾದಗಿರಿ ಜಿಲ್ಲೆಯಲ್ಲಿ ಕನ್ನಡದ ಜೊತೆಗೆ ಉರ್ದು, ತಾಂಡಾಗಳ ಲಂಬಾಣಿ, ಗಡಿಯ ತೆಲುಗು ಬೆರೆತು ನಡೆಯುತ್ತವೆ. ಇಲ್ಲಿನ ಹಿರಿಯರನ್ನು ಪರೀಕ್ಷಿಸುವವರು ಮೊದಲು ಕೇಳಬೇಕಾದ್ದು ಅವರು ಮನೆಯಲ್ಲಿ ಆಡುವ ಭಾಷೆ ಯಾವುದು, ಸಂತೆಯಲ್ಲಿ ಆಡುವುದು ಯಾವುದು ಎಂದು. ಪದಗಳ ಪಟ್ಟಿಯನ್ನು ಓದಿ ಹೇಳಬೇಕಾದ್ದು ಮನೆಯ ಭಾಷೆಯಲ್ಲಿ.